ಬೀಗರು ಕೊಟ್ಟ ಬೀಗ

ಪುಟ್ಟತಾಯಮ್ಮನ ಮನೆ ಬಾಗಿಲಿಗೆ ನೇತುಬಿದ್ದಿದ್ದ ಹಿತ್ತಾಳೆ ಬೀಗವನ್ನು ನೋಡದವರು ಹುಣಸೂರಿನ ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಮನೆಯೇನೋ ಎರಡಂಕಣದ್ದು, ನಾಡಹೆಂಚಿನದು. ಒಳಗೆ ಕದಿಯುವಂಥದ್ದು ಎಂದರೆ ಎರಡು ಚೊಂಬು, ಒಂದು ಕಂಚಿನ ತಣಿಗೆ, ಒಂದು ಹಳೇ ಮರದ ಪೆಟ್ಟಿಗೆ. ಬೀಗ ಮಾತ್ರ ಅರಮನೆ ಉಗ್ರಾಣಕ್ಕೆ ಹಾಕುವಷ್ಟು ದೊಡ್ಡದು. ಕಳ್ಳ ಬಂದರೆ ಮನೆಯನ್ನು ಬಿಟ್ಟು ಬೀಗವನ್ನೇ ಹೊತ್ತುಕೊಂಡು ಹೋದಾನು ಎಂದು ಬೀದಿಯವರು ನಗುತ್ತಿದ್ದರು. ಮೊದಮೊದಲು ಪುಟ್ಟತಾಯಮ್ಮನೂ ಅವರ ಜೊತೆ ನಕ್ಕಿದ್ದುಂಟು.

ಅದು ಬೀಗರು ಕೊಟ್ಟ ಬೀಗ. ಮಹಾರಾಜರ ಬೆಳ್ಳಿಹಬ್ಬ ನಡೆದ ವರ್ಷ ಅವಳು ತನ್ನ ಒಬ್ಬಳೇ ಮಗಳು ರಾಮಮ್ಮನನ್ನು ಗುರುಪುರದ ಅಂಕಯ್ಯನ ಮಗ ಸಣ್ಣಬೀರಯ್ಯನಿಗೆ ಕೊಟ್ಟು ಮದುವೆ ಮಾಡಿದ್ದಳು. ಬೀಗರೂಟದ ದಿನ, ಎಲೆಯ ಮುಂದೆ ಕೂತಿದ್ದ ಅಂಕಯ್ಯ ಎದ್ದು ನಿಂತು, ಹೆಗಲ ಮೇಲಿನ ವಸ್ತ್ರದ ಗಂಟು ಬಿಚ್ಚಿ, ಫಳಫಳ ಹೊಳೆಯುವ ಆ ಬೀಗವನ್ನು ಎಲ್ಲರಿಗೂ ಕಾಣುವಂತೆ ಮೇಲಕ್ಕೆ ಎತ್ತಿ ಹಿಡಿದ.

"ಗಂಡು ದಿಕ್ಕಿಲ್ದಿರೋ ಮನೆ. ನಮ್ ಬೀಗಿತ್ತಿ ಒಬ್ರೇ ಇರೋರು. ಬೀಗ್ರು ಅಂದ್ಮೇಲೆ ಒಂದ್ ಬೀಗನಾದ್ರೂ ಕೊಡ್ಬೇಕಲ್ವಾ!" ಅಂದ.

ಪಂಕ್ತಿಯಲ್ಲಿ ಕೂತವರೆಲ್ಲ ಬಾಯಲ್ಲಿದ್ದ ಅನ್ನ ಹೊರಗೆ ಬರುವಂತೆ ನಕ್ಕರು. ಬೀಗದ ಕೈ ಎರಡಿದ್ದವು. ಒಂದನ್ನು ಪುಟ್ಟತಾಯಮ್ಮನ ಕೈಗೆ ಕೊಟ್ಟ. ಇನ್ನೊಂದನ್ನು, ಅದೇ ಪಂಕ್ತಿಯಲ್ಲಿ, ಅಷ್ಟೂ ಜನರ ಕಣ್ಣ ಮುಂದೆ, ತನ್ನ ಉಡಿದಾರಕ್ಕೆ ಪೋಣಿಸಿ ಗಂಟು ಹಾಕಿಕೊಂಡ. "ಕಳ್ದೋದ್ರೆ ಕಷ್ಟ. ಒಂದ್ ನನ್ ತಾವ ಇರ್ಲಿ" ಅಂದ. ಬೀಗರ ಮುತುವರ್ಜಿ ನೋಡಿ ಜನ ತಲೆದೂಗಿದರು. ಸಾರಿನ ಸೌಟು ಹಿಡಿದು ನಿಂತಿದ್ದ ಪುಟ್ಟತಾಯಮ್ಮನಿಗೆ ಮಾತ್ರ ಒಳಗೆಲ್ಲೋ ಚುರಕ್ ಅಂದಿತು. ಆದರೆ ಹೆಣ್ಣು ಕೊಟ್ಟವಳು ಬೀಗರೂಟದ ದಿನ ಬೀಗರ ಮಾತಿಗೆ ಎದುರಾಡುತ್ತಾಳೆಯೇ? ಅವಳು ಸುಮ್ಮನೆ ಮುಂದಿನ ಎಲೆಗೆ ಸಾರು ಬಡಿಸಿದಳು.

ಅವಳು ಕಾಫಿ ಕಾರ್ಖಾನೆಯಲ್ಲಿ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ಬೀಗ ಹಾಕಿದರೆ ದೀಪ ಹಚ್ಚುವ ಹೊತ್ತಿಗೆ ಬಂದು ತೆಗೆಯುವುದು. ಮದುವೆಯಾದ ಎರಡನೆಯ ಸಂತೆ ದಿನ ಸಂಜೆ ಬಂದು ನೋಡಿದರೆ ಮೊಸರಿನ ಗಡಿಗೆ ಅರ್ಧ ಖಾಲಿ. ಬೆಕ್ಕು ಎಂದುಕೊಂಡಳು. ಆದರೆ ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆ ನಡುಮನೆಯಲ್ಲಿ ಹಾಸಿತ್ತು. ಬೆಕ್ಕು ಚಾಪೆ ಹಾಸಿಕೊಂಡು ಮಲಗುವುದನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಆಮೇಲೆ ಅದು ನಡೆದುಬಂದ ಪದ್ಧತಿಯೇ ಆಯಿತು. ಅಂಕಯ್ಯ ಸಂತೆಗೆ ಬರುವುದು, ಉಡಿದಾರದ ಕೈಯಿಂದ ಬೀಗ ತೆಗೆಯುವುದು, ಇದ್ದದ್ದನ್ನು ಉಂಡು ಮಲಗುವುದು, ಎದ್ದು ಹೋಗುವುದು. ಗೋಡೆಯ ಬುಡದಲ್ಲಿ ಎಲೆಯಡಿಕೆ ಉಗಿದ ಕೆಂಪು. ಒಂದು ವಾರ ಹುರುಳಿ ಮೂಟೆ ನಾಲ್ಕು ಬಂದು ಕೂತವು, ಅವುಗಳ ಹಿಂದೆಯೇ ಇಲಿಗಳೂ ಬಂದವು. ಇನ್ನೊಂದು ವಾರ ಅವನ ಊರಿನ ಮೂರು ಜನ ಇಸ್ಪೀಟು ಆಡಿ ಹೋಗಿದ್ದರು, ಒಂದು ಎಲೆ ಒಲೆಯ ಬೂದಿಯಲ್ಲಿ ಸಿಕ್ಕಿತು. ಇಸ್ಪೀಟಿನ ರಾಣಿ. ಅವಳನ್ನು ಪುಟ್ಟತಾಯಮ್ಮ ಒಲೆಗೇ ಹಾಕಿ ಸುಟ್ಟಳು.

ಒಂದೇ ಒಂದು ಸಲ, ಬಹಳ ಮೆತ್ತಗೆ, ಕೇಳಿದ್ದಳು. "ಬೀಗ್ರೇ, ಬರೋ ಮುಂಚೆ ಒಂದ್ ಮಾತು ಏಳ್ ಕಳ್ಸಿದ್ರೆ ಅಡ್ಗೆ ಮಾಡಿಟ್ಟಿರ್ತಿದ್ದೆ."

ಅಂಕಯ್ಯ ನಕ್ಕ. "ಏ, ನಮ್ದು ನಿಮ್ದು ಅಂತ ಬೇರೆ ಅದ್ಯಾ ಬೀಗಿತ್ತಿ? ನಿಮ್ ಮಗ್ಳು ನಮ್ಮನೇಲಿ ಉಣ್ತಾ ಇಲ್ವಾ?"

ಆ ಮಾತಿನಲ್ಲಿ ಬೆದರಿಕೆ ಇತ್ತು ಎಂದು ಯಾರೂ ಹೇಳಲಾರರು. ಇರಲಿಲ್ಲ ಎಂದು ಪುಟ್ಟತಾಯಮ್ಮ ಹೇಳಲಾರಳು. ಮಗಳು ಆ ಮನೆಯಲ್ಲಿದ್ದಾಳೆ. ತಾನು ಇಲ್ಲಿ ಒಂದು ಮಾತು ಗಟ್ಟಿಯಾಗಿ ಆಡಿದರೆ ಅಲ್ಲಿ ಅವಳ ತಟ್ಟೆಗೆ ಮುದ್ದೆಯ ಜೊತೆ ಹತ್ತು ಮಾತು ಬೀಳುತ್ತವೆ. ಇದೊಂದು ಹೆದರಿಕೆ ಅವಳ ಬಾಯಿಗೆ ಹಾಕಿದ್ದ ಬೀಗ, ಬಾಗಿಲಿನದಕ್ಕಿಂತ ದೊಡ್ಡದಿತ್ತು.

ಒಂದು ಸಂತೆ ದಿನ ಕಾರ್ಖಾನೆಯ ಯಂತ್ರ ಕೆಟ್ಟು ನಿಂತು, ಹೆಂಗಸರನ್ನೆಲ್ಲ ನಡುಮಧ್ಯಾಹ್ನಕ್ಕೇ ಮನೆಗೆ ಕಳಿಸಿದರು. ಪುಟ್ಟತಾಯಮ್ಮ ಬಂದಾಗ ಬಾಗಿಲು ಹಾರು ಹೊಡೆದಿತ್ತು. ಒಳಗೆ ಅಂಕಯ್ಯ, ಅವನ ಜೊತೆ ಅವಳು ಎಂದೂ ಕಾಣದ ಇಬ್ಬರು ಗಂಡಸರು. ಒಬ್ಬ ಮೂಲೆಯಲ್ಲಿ ಹಗ್ಗದ ತುದಿ ಒತ್ತಿ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ. ಇನ್ನೊಬ್ಬ ಅದೇ ಹಗ್ಗವನ್ನು ಎಳೆದುಕೊಂಡು ಅವಳ ಒಲೆಯವರೆಗೂ ಹೋಗಿದ್ದ. "ಈ ಗೋಡೆ ಒಂದ್ ತೆಗುದ್ರೆ ಗಾಡಿ ಸೀದಾ ಒಳೀಕೇ ಬತ್ತದೆ" ಎಂದು ಅಂಕಯ್ಯ ನಡುಗೋಡೆಯನ್ನು ಅಂಗೈಯಿಂದ ತಟ್ಟಿ ತೋರಿಸುತ್ತಿದ್ದ.

ತಿರುಗಿ ನೋಡಿದವನು ಒಂದು ಚೂರೂ ಗಲಿಬಿಲಿಗೊಳ್ಳಲಿಲ್ಲ. "ಓ, ಬೀಗಿತ್ತಿ! ಇದೇನ್ ಇಷ್ಟ್ ಬೇಗ ಬಂದ್ಬುಟ್ರಿ? ಬನ್ನಿ ಬನ್ನಿ. ಕುಂತ್ಕಳಿ."

ಬನ್ನಿ ಅಂದ. ಕುಂತ್ಕಳಿ ಅಂದ. ಅವಳ ಮನೆಯಲ್ಲಿ, ಅವಳಿಗೆ!

ಆ ಗೋಡೆಗೆ ಮಣ್ಣು ತುಳಿದದ್ದು ಅವಳ ಕಾಲು. ಮರ ಕೊಯ್ಯುವ ಕೆಲಸದಲ್ಲಿದ್ದ ಗಂಡ ಹಗಲೆಲ್ಲ ಡಿಪೋದಲ್ಲಿ ದುಡಿದು ಬಂದು ಸಂಜೆ ಒಂದೊಂದು ವರಸೆ ಏರಿಸುತ್ತಿದ್ದ. ಆಗ ಏಳು ತಿಂಗಳ ಬಸುರಿ ಅವಳು, ಹೊಟ್ಟೆಯಲ್ಲಿ ರಾಮಮ್ಮ. ಆ ಗೋಡೆ ತೆಗೆದರೆ ಗಾಡಿ ಬರುತ್ತದಂತೆ.

"ಇವ್ರು ಯಾರು ಬೀಗ್ರೇ?" ಎಂದಳು.

"ದವ್ಸದ್ ಮಂಡಿ ಇಡಾಕೆ ಜಾಗ ನೋಡ್ತಾವ್ರೆ. ನೀವೂ ಎಷ್ಟ್ ದಿನ ಅಂತ ಒಬ್ರೇ ಇದ್ದೀರಿ? ನಮ್ಮೂರಲ್ಲಿ ಕೊಟ್ಗೆ ಪಕ್ಕ ಒಂದ್ ಕ್ವಾಣೆ ಅದೆ, ಅಲ್ಲಿ ಬಂದ್ ಇರಿ. ಎಂಗಿದ್ರೂ ಈ ಮನೆ ನಾಳೆ ನಮ್ ಉಡ್ಗನ್ಗೇ ತಾನೆ."

"ರಾಮಿನ ಕೇಳುದ್ರಾ?"

"ಅವಳ್ನೇನ್ ಕೇಳೋದು!" ಅಂಕಯ್ಯ ಹಗ್ಗ ಹಿಡಿದವನ ಕಡೆ ತಿರುಗಿ, "ಎಷ್ಟ್ ಮೊಳ ಬಂತಪ್ಪ?" ಎಂದು ಕೇಳಿದ.

ಅವರ ಬೆನ್ನು ಬೀದಿಯ ತಿರುವಿನಲ್ಲಿ ಮರೆಯಾದ ಕೂಡಲೇ ಪುಟ್ಟತಾಯಮ್ಮ ಬೀಗ ಹಾಕಿ, ಸೆರಗು ಬಿಗಿದು, ಸೇತುವೆ ದಾರಿಯ ಗಯಾಸುದ್ದೀನನ ಅಂಗಡಿಗೆ ಹೊರಟಳು. ಕೊಟ್ಟಿಗೆ ಪಕ್ಕದ ಕೋಣೆಯಂತೆ. ಹಸುವಿಗೂ ತನಗೂ ನಡುವೆ ಅಲ್ಲೊಂದು ಗೋಡೆಯಾದರೂ ಇದೆಯೋ ಇಲ್ಲವೋ!

ಗಯಾಸುದ್ದೀನ್ ಬೀಗದ ಕೆಲಸಗಾರ. ಅವನ ಅಪ್ಪನೂ ಅದೇ, ತಾತನೂ ಅದೇ. ಅವನ ಅರ ಮುಟ್ಟಿದ ಕಬ್ಬಿಣ ಹೇಳಿದ ಹಾಗೆ ಕೇಳುತ್ತಿತ್ತು. ಕನ್ನಡ ಮಾತ್ರ ಕೇಳುತ್ತಿರಲಿಲ್ಲ. ಕನ್ನಡ ಅವನಿಗೆ ಬರುತ್ತಿರಲಿಲ್ಲ ಎಂದಲ್ಲ, ಧಾರಾಳವಾಗಿ ಬರುತ್ತಿತ್ತು. ಆದರೆ ಅವನ ಮನೆಮಾತು ಉರ್ದು. ಉರ್ದುವಿನಲ್ಲಿ ಕಲ್ಲು ಮಣ್ಣಿಗೂ ಗಂಡು ಹೆಣ್ಣು ಎಂಬುದುಂಟು, ಬೀಗ ಗಂಡು. ಹಾಗಾಗಿ ಅವನ ಬಾಯಲ್ಲಿ ಬೀಗ ಎಂದೂ 'ಅದು' ಆದದ್ದಿಲ್ಲ, ಯಾವಾಗಲೂ 'ಅವನು'. ಬೀಗದ ಮುಖ ಎನ್ನುವ ಕಡೆ 'ಬೀಗನ ಮುಖ' ಎನ್ನುತ್ತಿದ್ದ. ಗಿರಾಕಿಗಳಿಗೆ ಇದು ರೂಢಿಯಾಗಿಹೋಗಿ ಯಾರೂ ತಿದ್ದುತ್ತಿರಲಿಲ್ಲ. ತಿದ್ದಬೇಕಿತ್ತು ಎಂದು ಆಮೇಲೆ ಎಲ್ಲರಿಗೂ ಅನ್ನಿಸಿತು.

ಪುಟ್ಟತಾಯಮ್ಮ ಹೇಳಿದ್ದನ್ನೆಲ್ಲ ಕೇಳಿ ಅವನು ಮೊಳೆಗೆ ನೇತುಹಾಕಿದ್ದ ಹೊಸ ಬೀಗವೊಂದನ್ನು ತೆಗೆದು ಮುಂದಿಟ್ಟ. "ಇವನ್ನ ಹಾಕಿ ತಾಯಿ. ಹಳೆಯವನ್ನ ತೆಗೆದುಬಿಡಿ, ಮುಗೀತು."

"ತೆಗ್ಯಂಗಿಲ್ಲ ಸಾಬ್ರೇ. ಬೀಗ್ರು ಕೊಟ್ಟಿದ್ದ ಕಿತ್ತು ಮೂಲೆಗ್ ಎಸುದ್ಲು ಅಂತ ನನ್ ಮಗಳ್ನ ದಿನಾ ಚುಚ್ಚಿ ತಿಂತಾರೆ. ಬೀಗ ಅಲ್ಲೇ ನೇತಾಡ್ಲಿ. ಆದ್ರೆ ಅವ್ರ ತಾವಿರೋ ಕೈ ಅದ್ಕೆ ಆಗ್ಬಾರ್ದು."

ಗಯಾಸುದ್ದೀನ್ ಗಡ್ಡ ಕೆರೆದುಕೊಂಡ. ಕಣ್ಣು ಹೊಳೆಯಿತು. ಇಂಥ ಕೆಲಸ ಬಂದು ಎಷ್ಟೋ ದಿನವಾಗಿತ್ತು.

"ಹಂಗಂದ್ರೆ ಬೀಗನ ಹೊಟ್ಟೆ ಬಿಚ್ಬೇಕು. ಬೆನ್ನಿನ ಕಡೆಯಿಂದ ಬಿಚ್ತೀನಿ. ಒಳಗಿಂದೆಲ್ಲ ಈಚೆ ತೆಗೆದು ಬೇರೇದು ತುಂಬ್ತೀನಿ. ಮುಖಕ್ಕೆ ಒಂದು ಗೀರೂ ಬೀಳಲ್ಲ. ನೋಡಿದವ್ರಿಗೆ ಬೀಗ ಹೆಂಗಿದ್ನೋ ಹಂಗೇ ಇರ್ತಾನೆ."

"ಯಾರ್ಗೂ ಗೊತ್ತಾಗಾಕಿಲ್ವಾ?"

"ಅಲ್ಲಾನ ಆಣೆಗೂ ಗೊತ್ತಾಗಲ್ಲ. ಇನ್ನೊಂದು ಮಾತು ತಾಯಿ. ಹಳೇ ಕೈ ಬಂದ್ರೆ ಬೀಗ ಸುಮ್ನೆ ಇರ್ಬೇಕಾ, ಇಲ್ಲಾ ಹಿಡ್ಕೋಬೇಕಾ?"

"ಇಡ್ಕಳದು ಅಂದ್ರೆ?"

"ಒಳಗೆ ಒಂದು ಮುಳ್ಳು ಕೂರಿಸ್ತೀನಿ. ಕಳ್ಳ ಕೈ ಒಳಗೆ ಹೋಗ್ತದೆ, ಅರ್ಧ ತಿರುಗ್ತದೆ, ಮುಳ್ಳು ಬೀಳ್ತದೆ. ಆಮೇಲೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ನಾನೇ ಬಂದು ಬೀಗನ ಕೈ ಕತ್ತರಿಸ್ಬೇಕು, ಬೇರೆ ದಾರಿ ಇಲ್ಲ. ಆದ್ರೆ ಗಲಾಟೆ ಆಗ್ತದೆ. ನೀವು ಒಬ್ರೇ ಇರೋರು. ಸುಮ್ನೆ ಇರೋದೇ ಒಳ್ಳೇದು ಅಂತೀನಿ."

ಸುಮ್ಮನೆ ಇರುವುದೇ ಒಳ್ಳೆಯದು. ಒಂದು ವರ್ಷದಿಂದ ಅವಳು ತನಗೆ ತಾನೇ ಹೇಳಿಕೊಂಡು ಬಂದದ್ದೂ ಅದೇ ಮಾತು. ಸುಮ್ಮನಿದ್ದದ್ದಕ್ಕೆ ಹಗ್ಗ ಒಲೆಯವರೆಗೆ ಬಂದಿತ್ತು.

"ಇಡ್ಕಳ್ಳಿ ಸಾಬ್ರೇ" ಅಂದಳು. "ಗಟ್ಟ್ಯಾಗ್ ಇಡ್ಕಳ್ಳಿ. ಗಲಾಟೆ ಆದ್ರೆ ಆಗ್ಲಿ."

ಅಂಗಡಿಯ ಜಗುಲಿಯ ಇನ್ನೊಂದು ತುದಿಯಲ್ಲಿ ಗುರುಪುರದ ಚಿಕ್ಕಸಿದ್ದಮ್ಮ ಮೊಸರು ಮಾರಿ ಖಾಲಿಯಾದ ಗಡಿಗೆಗಳನ್ನು ಕುಕ್ಕೆಗೆ ಜೋಡಿಸಿಕೊಳ್ಳುತ್ತಿದ್ದಳು. ಅಂಕಯ್ಯನ ಬೀಗಿತ್ತಿಯನ್ನು ಅವಳು ಬಲ್ಲಳು. ಗಯಾಸುದ್ದೀನನ ಕನ್ನಡವನ್ನು ಮಾತ್ರ ಅದೇ ಮೊದಲ ಸಲ ಕೇಳಿದ್ದು. ಬೀಗನ ಹೊಟ್ಟೆಯನ್ನು ಬೆನ್ನಿನ ಕಡೆಯಿಂದ ಬಿಚ್ಚುತ್ತಾರೆ. ಒಳಗಿನದೆಲ್ಲ ಈಚೆ ತೆಗೆಯುತ್ತಾರೆ. ಬೀಗನ ಕೈ ಕತ್ತರಿಸುತ್ತಾರೆ. ಯಾರಿಗೂ ಗೊತ್ತಾಗದಂತೆ! ಚಿಕ್ಕಸಿದ್ದಮ್ಮ ಒಂದು ಗಡಿಗೆಯನ್ನು ಅಲ್ಲೇ ಮರೆತು, ಊರ ಕಡೆ ಹೊರಟಿದ್ದ ಗಾಡಿಯನ್ನು ಓಡಿ ಹಿಡಿದಳು.

ಪುಟ್ಟತಾಯಮ್ಮನಿಗೆ ಇದೊಂದೂ ಗೊತ್ತಾಗಲಿಲ್ಲ. ಮಾರನೆಯ ಬೆಳಿಗ್ಗೆ ಕೆಲಸಕ್ಕೆ ರಜ ಹೇಳಿ, ಪಕ್ಕದ ಮನೆಯವರನ್ನು ಬಾಗಿಲಲ್ಲಿ ಕೂರಿಸಿ, ಬೀಗವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಗಯಾಸುದ್ದೀನನ ಎದುರು ಕೂತಳು. ಅವನು ಬೆನ್ನಿನ ಮೊಳೆಗಳ ತಲೆ ಅರದಲ್ಲಿ ಉಜ್ಜಿ, ಒಂದೊಂದನ್ನೇ ಬಡಿದು ಕೆಡವಿ, ತಗಡು ಎತ್ತಿದ. ಅಷ್ಟು ದೊಡ್ಡ ಬೀಗದ ಒಳಗೆ ಇದ್ದದ್ದು ಉಗುರಿನಷ್ಟು ತೆಳ್ಳಗಿನ ಎರಡು ಹಿತ್ತಾಳೆ ಎಲೆ, ಒಂದು ಸಣಕಲು ಕಂಬಿ. ಉಳಿದದ್ದೆಲ್ಲ ಪೊಳ್ಳು.

"ಇಷ್ಟೇನಾ?"

"ಇಷ್ಟೇ ತಾಯಿ. ಮುಖ ದೊಡ್ಡದು, ಹೊಟ್ಟೇಲಿ ಏನಿಲ್ಲ. ಇಂಥವ್ನಿಗೆ ನೀವು ಇಷ್ಟು ದಿನ ಹೆದರಿದ್ರಾ?"

ಅವನು ಕೇಳಿದ್ದು ಬೀಗದ ವಿಚಾರವೋ ಅಂಕಯ್ಯನ ವಿಚಾರವೋ ತಿಳಿಯಲಿಲ್ಲ. ಪುಟ್ಟತಾಯಮ್ಮನಿಗೆ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ನಗು ಬಂತು. ಗಯಾಸುದ್ದೀನ್ ನಾಲ್ಕು ಹೊಸ ಎಲೆಗಳನ್ನು ಒಂದೊಂದು ಎತ್ತರಕ್ಕೆ ಕತ್ತರಿಸಿ ಕೂರಿಸಿದ, ಮುಳ್ಳು ಕೂರಿಸಿದ, ಎಣ್ಣೆ ಬಿಟ್ಟ, ಬೆನ್ನು ಮುಚ್ಚಿ ಹೊಸ ಮೊಳೆ ಬಡಿದು, ಮೊಳೆಗಳ ಹೊಳಪು ಕಾಣದಿರಲಿ ಎಂದು ಎಣ್ಣೆಗೆ ಮಸಿ ಸೇರಿಸಿ ತಿಕ್ಕಿದ. ಎರಡು ಹೊಸ ಕೈ ಅರದಲ್ಲಿ ಉಜ್ಜಿ ಕೊಟ್ಟ. ಎರಡನೆಯದು ಯಾರಿಗೆ ಎಂದು ಕೇಳಲಿಲ್ಲ. ಅವಳೂ ಹೇಳದೆ ಎರಡನ್ನೂ ಎಲೆಯಡಿಕೆ ಚೀಲದಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೂರು ದಿನ ಕಳೆದಿರಬೇಕು. ಕಾರ್ಖಾನೆಯಲ್ಲಿ ಮೊರ ಹಿಡಿದು ಕೂತಿದ್ದವಳ ಹತ್ತಿರ ಪಕ್ಕದ ಮನೆಯಾಕೆ ಏದುಸಿರು ಬಿಡುತ್ತಾ ಓಡಿ ಬಂದಳು. "ಬ್ಯಾಗ ಬಾ ಪುಟ್ಟತಾಯಿ. ಗುರುಪುರದಿಂದ ಗಾಡಿ ತುಂಬ ಜನ ಬಂದವ್ರೆ. ನಿಮ್ ಬೀಗ್ರು ನಿನ್ ಬಾಗಿಲ್ಗೆ ಅಂಟ್ಕಂಡ್ಬುಟ್ಟವ್ರೆ!"

ಬಾಗಿಲಿಗೆ ಅಂಟಿಕೊಂಡಿದ್ದಾರೆ ಎಂದರೆ ಏನು ಎಂದು ಪುಟ್ಟತಾಯಮ್ಮನಿಗೆ ಅಲ್ಲಿಗೆ ಹೋಗುವವರೆಗೂ ಅರ್ಥವಾಗಲಿಲ್ಲ. ಹೋಗಿ ನೋಡಿದರೆ ಬೀದಿಗೆ ಬೀದಿಯೇ ಸೇರಿತ್ತು. ಗುರುಪುರದ ಯಜಮಾನ ದೇವಯ್ಯ ಕೋಲೂರಿಕೊಂಡು ಜಗುಲಿಯ ಮೇಲೆ ಕೂತಿದ್ದ. ಚಿಕ್ಕಸಿದ್ದಮ್ಮ ಅವನ ಪಕ್ಕದಲ್ಲಿ. ಗಾಡಿಯ ನೊಗದ ಹತ್ತಿರ ಅಳಿಯ ಸಣ್ಣಬೀರಯ್ಯ ಎತ್ತುಗಳ ಮುಖಕ್ಕೆ ಮುಖ ಕೊಟ್ಟು ನಿಂತಿದ್ದ. ಗಾಡಿಯಲ್ಲಿ ರಾಮಮ್ಮ, ಮಡಿಲಲ್ಲಿ ಬಟ್ಟೆಯ ಗಂಟು. ಪುಟ್ಟತಾಯಮ್ಮ ಒಂದು ವರ್ಷದಿಂದ ಯಾವುದಕ್ಕೆ ಹೆದರಿದ್ದಳೋ ಅದು ಗಾಡಿ ಹತ್ತಿ ಬಂದಿತ್ತು.

ಮತ್ತೆ ಅಂಕಯ್ಯ? ಅಂಕಯ್ಯ ಎಲ್ಲರಿಗೂ ಬೆನ್ನು ಮಾಡಿ, ಹೊಟ್ಟೆಯನ್ನು ಬಾಗಿಲಿಗೆ ಒತ್ತಿಕೊಂಡು ನಿಂತಿದ್ದ.

ನಡೆದದ್ದಿಷ್ಟು. ಬಿಸಿಲು ಜೋರಿತ್ತು. ಬೀಗಿತ್ತಿ ಬರುವವರೆಗೆ ಯಜಮಾನರು ಬೀದಿಯಲ್ಲಿ ನಿಲ್ಲುವುದೇ? "ಒಳಗ್ ಕುಂತ್ಕಳವ ಬನ್ನಿ, ಮನೆ ನಮ್ದೇ" ಎಂದು ಅಂಕಯ್ಯ ಠೀವಿಯಿಂದ ಪಂಚೆ ಸರಿಸಿ, ಉಡಿದಾರದ ಗೇಣುದ್ದ ತುದಿಗೆ ಕಟ್ಟಿದ್ದ ಕೈಯನ್ನು ಬೀಗಕ್ಕೆ ಹಾಕಿ ತಿರುಗಿಸಿದ. ಅರ್ಧ ತಿರುಗಿತು. ಒಳಗೆ ಟಕ್ ಎಂದಿತು. ಆಮೇಲೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಎಳೆದ, ಅಲ್ಲಾಡಿಸಿದ, ಬೀಗದ ಅಪ್ಪ ಅಮ್ಮನನ್ನೆಲ್ಲ ಬೈದ. ಬೀಗ ಬಿಡಲಿಲ್ಲ. ಒಂದು ವರ್ಷದ ಬೆವರು ಕುಡಿದ ಗಂಟು ಬಿಚ್ಚಲೂ ಆಗಲಿಲ್ಲ. ಯಾರೋ ಒಬ್ಬ ಚಾಕು ತೆಗೆದು ಉಡಿದಾರಕ್ಕೆ ಹಿಡಿಯಹೋದಾಗ ದೇವಯ್ಯ ಗದರಿದ: "ಬುದ್ಧಿ ಅದ್ಯೇನ್ಲಾ? ಸತ್ತೋನ್ ಉಡಿದಾರ ಕತ್ತರ್ಸ್ತಾರೆ. ಉಸುರಾಡೋನ್ದು ಕತ್ತರ್ಸ್ತಾರಾ?" ಹಾಗೆಂದು ಇಡೀ ಬೀದಿಯ ಹೆಂಗಸರ ಮುಂದೆ ಉಡಿದಾರವನ್ನು ಕೆಳಕ್ಕೆ ಜಾರಿಸಿ ಕಳಚುವ ಹಾಗೂ ಇರಲಿಲ್ಲ. ಗಯಾಸುದ್ದೀನನಿಗೆ ಹೇಳಿ ಕಳಿಸಿದ್ದರು.

"ಬಂದ್ಯಾ ತಾಯಿ" ಅಂದ ದೇವಯ್ಯ. "ನಿನ್ ಮ್ಯಾಲೆ ಒಂದ್ ದೂರು ಬಂದದೆ. ಅಂಕಯ್ಯ, ಏಳಪ್ಪ."

ಅಂಕಯ್ಯ ಬಾಗಿಲಿನ ಕಡೆ ನಿಂತೇ ಕತ್ತನ್ನು ಮಾತ್ರ ಹಿಂದಕ್ಕೆ ಹೊರಳಿಸಿದ. "ಏಳದೇನು ಯಜಮಾನ್ರೇ! ಈಯಮ್ಮ ನನ್ ಒಟ್ಟೆ ಬಗ್ಸಾಕೆ ಸಾಬ್ರಿಗೆ ಏಳವ್ಳೆ. ಬೆನ್ ಕಡೆಯಿಂದ ಬಗೀತಾರಂತೆ. ನನ್ ಕೈ ಕತ್ತರ್ಸ್ತಾರಂತೆ. ಇಂತಾ ಕೊಲೆಗಡುಕರ ಮನೆ ಎಣ್ಣು ನಮ್ಗೆ ಬ್ಯಾಡ. ಇಕ್ಕಳಿ, ನಿಮ್ ಮಗಳ್ನ ಇಲ್ಲೇ ಬುಟ್ಟೋಯ್ತೀನಿ!"

"ನಾನೇ ಕಿವಿಯಾರ ಕೇಳಿವ್ನಿ" ಎಂದು ಚಿಕ್ಕಸಿದ್ದಮ್ಮ ಎದೆ ತಟ್ಟಿಕೊಂಡಳು.

ಪುಟ್ಟತಾಯಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಯಾರ ಹೊಟ್ಟೆ? ಯಾವ ಕೈ? ಅಷ್ಟರಲ್ಲಿ ಹತಾರದ ಪೆಟ್ಟಿಗೆ ಹೊತ್ತ ಗಯಾಸುದ್ದೀನ್ ಜನರನ್ನು ಸರಿಸಿಕೊಂಡು ಬಂದು, ಅಂಕಯ್ಯನ ಹೊಟ್ಟೆಗೂ ಬಾಗಿಲಿಗೂ ನಡುವೆ ಬಗ್ಗಿ ನೋಡಿದ. ತನ್ನ ಕೈಕೆಲಸ ಫಲಿಸಿದ್ದು ಕಂಡು ಅವನ ಮುಖ ಅರಳಿತು.

"ಅರೆ ವಾ! ಹಿಡ್ಕೊಂಡವ್ನೆ! ನಾನು ಹೇಳಿರ್ಲಿಲ್ವಾ ತಾಯಿ? ಇನ್ನೇನಿಲ್ಲ, ಬೀಗನ ಕೈ ಕತ್ತರಿಸ್ಬೇಕು." ಪೆಟ್ಟಿಗೆಯಿಂದ ಕಬ್ಬಿಣ ಕೊಯ್ಯುವ ಗರಗಸ ತೆಗೆದ.

ಅಂಕಯ್ಯ ಹಾಕಿದ ಕೂಗು ಹೊಳೆಯ ಆಚೆ ದಡಕ್ಕೆ ಕೇಳಿರಬೇಕು. ಎಗರಿದ, ಉಡಿದಾರ ಸೊಂಟ ಕೊಯ್ಯಿತು, ಮತ್ತೆ ಬಾಗಿಲಿಗೇ ಬಂದು ಬಡಿದ. "ನೋಡುದ್ರಾ ಯಜಮಾನ್ರೇ! ನಿಮ್ ಎದುರ್ಗೇ ಕೈ ಕತ್ತರ್ಸಾಕ್ ಬತ್ತಾವ್ನೆ!"

ಪುಟ್ಟತಾಯಮ್ಮನಿಗೆ ಆಗ ಹೊಳೆಯಿತು. ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ಸಾಬ್ರೇ, ಬೀಗನ್ದಲ್ಲ ಕಣಪ್ಪ, ಬೀಗದ್ದು! ಬೀಗದ ಕೈ! ಬೀಗದ ಒಟ್ಟೆ!"

ಗಯಾಸುದ್ದೀನ್ ಗರಗಸ ಹಿಡಿದುಕೊಂಡೇ ಅವಳನ್ನೂ ಅಂಕಯ್ಯನನ್ನೂ ಒಮ್ಮೆ ನೋಡಿ, "ನಾನೂ ಅದೇ ಹೇಳಿದ್ದು ತಾಯಿ, ಬೀಗನ ಕೈ" ಅಂದ.

ಮೊದಲು ನಕ್ಕವನು ಸಣ್ಣಬೀರಯ್ಯ, ಎತ್ತಿನ ಕೊರಳಿಗೆ ಮುಖ ಒತ್ತಿಕೊಂಡು. ಆಮೇಲೆ ಬೀದಿಯೆಲ್ಲ ನಕ್ಕಿತು.

ದೇವಯ್ಯ ಮಾತ್ರ ನಗಲಿಲ್ಲ. ವಯಸ್ಸಾದವನು, ಎಂಥೆಂಥ ನ್ಯಾಯ ಬಗೆಹರಿಸಿದವನು. ಗದ್ದಲ ಇಳಿಯುವವರೆಗೂ ಕಾದು, ಕೋಲಿನಿಂದ ಆ ಬೀಗವನ್ನು ತೋರಿಸಿ ಕೇಳಿದ.

"ಅಂಕಯ್ಯ, ಒಟ್ಟೆ ಕತೆ ಅತ್ಲಾಗಿರ್ಲಿ. ಒಂಟಿ ಎಂಗ್ಸಿನ ಮನೆ ಬೀಗದ ಕೈ ನಿನ್ ಉಡಿದಾರದಲ್ಲಿ ಯಾಕದೆ?"

ಅಂಕಯ್ಯ ಬಾಗಿಲಿನ ಮರವನ್ನೇ ನೋಡುತ್ತಾ ಏನೋ ಗೊಣಗಿದ. ಮದುವೆಯಲ್ಲಿ ಮುತುವರ್ಜಿಯಾಗಿ ಕಂಡದ್ದು ಇವತ್ತು ಬಿಸಿಲಲ್ಲಿ ಬೇರೆಯಾಗಿ ಕಾಣುತ್ತಿತ್ತು. ಅದನ್ನು ಎಲ್ಲರ ಮುಂದೆ ಎಳೆದು ತೋರಿಸಿದವನೂ ಅವನೇ.

"ನಾನ್ ಏಳ್ತೀನಿ" ಅಂದಳು ಪುಟ್ಟತಾಯಮ್ಮ. "ನಾನಿಲ್ದಾಗ ಬಾಗ್ಲು ತೆಗ್ದು ಒಳಕ್ ಬತ್ತಾರೆ ಯಜಮಾನ್ರೇ. ಉಂಡ್ರು, ಮನೀಕಂಡ್ರು, ತಡ್ಕಂಡೆ. ಮೊನ್ನೆ ಯಾರ್ನೋ ಕರ್ಕಬಂದು ನಾನ್ ತುಳ್ದು ಕಟ್ಟಿದ್ ಗೋಡೆನ ಅಗ್ಗ ಇಡ್ದು ಅಳೀತಿದ್ರು. ನನ್ ಮನೇಲಿ ನನ್ಗೇ ಬನ್ನಿ ಕುಂತ್ಕಳಿ ಅಂದ್ರು. ಅದ್ಕೇ ಬೀಗದ ಒಟ್ಟೆ ಬಿಚ್ಚಿಸ್ದೆ. ಕದ್ದು ಮುಚ್ಚಿ ಮಾಡ್ದೆ ಅಂದ್ರೆ ಊ, ಮಾಡ್ದೆ. ಇವತ್ತು ಎಲ್ರ ಎದುರ್ಗೂ ಏಳ್ತಾ ಇವ್ನಿ. ಈ ಬಾಗ್ಲು ನಂದು. ನಾನ್ ತೆಗುದ್ರೆ ತೆಗ್ದಂಗೆ."

"ಅಂಗಾದ್ರೆ ಮಗಳ್ನೂ ನೀನೇ ಇಟ್ಕ!" ಎಂದು ಅಂಕಯ್ಯ ಬಾಗಿಲಿಗೆ ಕೂಗಿದ. ನೀವು ಹೋಗಿ ನೀನು ಆಗಿತ್ತು. "ಇವತ್ತು ಇಲ್ಲಿ ಇಳುದ್ಲು ಅಂದ್ರೆ ಮತ್ತೆ ನಮ್ ಒಸ್ತಿಲು ತುಳ್ಯಂಗಿಲ್ಲ!"

ಪುಟ್ಟತಾಯಮ್ಮ ಗಾಡಿಯ ಹತ್ತಿರ ಹೋದಳು. ಮಗಳ ಕಣ್ಣು ಕೆಂಪಾಗಿದ್ದವು. ಗಂಟನ್ನು ಎದೆಗೆ ಅವುಚಿಕೊಂಡಿದ್ದಳು. ಅವಳಿಗೆ ಏನು ಹೇಳುವುದು? ತಪ್ಪಾಯಿತು ಎನ್ನುವುದೇ, ನಿನ್ನ ಸಂಸಾರ ನಾನು ಕೆಡಿಸಿದೆ ಎನ್ನುವುದೇ? ಒಂದು ಗಳಿಗೆ ಅದೇ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳು ಸೊಂಟದ ಎಲೆಯಡಿಕೆ ಚೀಲ ತೆಗೆದು, ಅಡಿಕೆ ಚೂರುಗಳ ನಡುವಿನಿಂದ ಎರಡನೆಯ ಕೈ ಹುಡುಕಿ, ಮಗಳ ಅಂಗೈಯಲ್ಲಿಟ್ಟಳು.

"ತಕ್ಕೋ ರಾಮಿ. ಇದು ನಿಂಗೇ ಅಂತ ಮಾಡ್ಸಿದ್ದು. ಓಗು ಅಂತಾನೂ ಅನ್ನಕಿಲ್ಲ, ಇರು ಅಂತಾನೂ ಅನ್ನಕಿಲ್ಲ. ಆದ್ರೆ ಅಟ್ತೀನಿ ಅಂತ ನಿನ್ನ ಯಾರೂ ಎದರ್ಸಂಗಿಲ್ಲ. ನಾನಿರ್ಲಿ, ಇಲ್ದಿರ್ಲಿ, ಯಾರ್ನೂ ಕೇಳ್ದೆ ಬಾಗ್ಲು ತೆಕ್ಕಂಡು ಒಳಕ್ ಬಾ."

ರಾಮಮ್ಮ ಆ ಕೈಯನ್ನು ಎರಡೂ ಕಡೆ ತಿರುಗಿಸಿ ನೋಡಿದಳು. ಆಮೇಲೆ ಎಲ್ಲರೂ ನೋಡುತ್ತಿರುವಂತೆಯೇ ಅದನ್ನು ತನ್ನ ತಾಳಿಯ ದಾರಕ್ಕೆ ಪೋಣಿಸಿಕೊಂಡು, ಗಾಡಿಯಿಂದ ಇಳಿದಳು. ಗಂಟನ್ನು ಇಳಿಸಲಿಲ್ಲ. ಅದನ್ನು ಗಾಡಿಯಲ್ಲೇ, ತಾನು ಕೂತಿದ್ದ ಜಾಗದಲ್ಲಿ ಇಟ್ಟಳು.

"ಬಟ್ಟೆ ಅಲ್ಲೇ ಇರ್ಲಿ ಮಾವ" ಅಂದಳು. "ಸಂಜೆಗೆ ನಿಮ್ ಜೊತೇಲೇ ಬತ್ತೀನಿ. ನೀವ್ ಕರ್ಕಂಡ್ ಓಗ್ದಿದ್ರೂ ನಡ್ಕಂಡ್ ಬತ್ತೀನಿ, ಅದು ನನ್ ಗಂಡುನ್ ಮನೆ. ಇದೂ ನನ್ ಮನೇನೆ. ಒಂದ್ರಿಂದ ಅಟ್ಟುದ್ರೆ ಇನ್ನೊಂದದೆ."

ದೇವಯ್ಯ ಗಯಾಸುದ್ದೀನನ ಕಡೆ ನೋಡಿ ತಲೆಯಾಡಿಸಿದ. "ಕತ್ತರ್ಸಪ್ಪ. ಯಾವ್ದು ಅಂತ ಸರ್ಯಾಗ್ ನೋಡ್ಕಂಡ್ ಕತ್ತರ್ಸು."

ಗರಗಸದ ಕರಕರ ಶಬ್ದ ಬೀದಿಯೆಲ್ಲ ಕೇಳಿತು. ಅಂಕಯ್ಯ ಕಣ್ಣು ಮುಚ್ಚಿಕೊಂಡು ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿಕೊಂಡಿದ್ದ, ಯಾವುದಕ್ಕೂ ಇರಲಿ ಎಂದು. ಕೈ ತುಂಡಾಯಿತು. ಅವನು ಎರಡು ಹೆಜ್ಜೆ ಹಿಂದಕ್ಕೆ ಬಂದ. ಕೈಯ ಹಿಡಿಕೆಯ, ಬೆರಳು ತೂರುವಷ್ಟು ಒಂದು ಬಳೆ ಮಾತ್ರ, ಯಾವ ಬೀಗಕ್ಕೂ ಆಗದ್ದು, ಅವನ ಉಡಿದಾರದಲ್ಲಿ ಉಳಿಯಿತು. ಗಯಾಸುದ್ದೀನ್ ಒಳಗಿದ್ದ ತುಂಡನ್ನು ಇಕ್ಕಳದಲ್ಲಿ ಹಿಡಿದು, ಬೀಗದ ಬೆನ್ನಿಗೆ ಎರಡು ಏಟು ಕೊಟ್ಟು, ಮುಳ್ಳು ಸಡಿಲಿಸಿ ಈಚೆ ಎಳೆದ. "ಈಗ ಹಾಕಮ್ಮಾ" ಅಂದ.

ರಾಮಮ್ಮ ಕತ್ತು ಬಗ್ಗಿಸಿ ತಾಳಿಯ ದಾರದ ಕೈಯನ್ನು ಹಾಕಿ ತಿರುಗಿಸಿದಳು. ಬೀಗ ತೆರೆಯಿತು. ಅವಳು ಒಳಗೆ ಹೋಗಿ ಚಾಪೆ ಹಾಸಿದಳು. ದೇವಯ್ಯ ಒಳಗೆ ಹೋದ, ಚಿಕ್ಕಸಿದ್ದಮ್ಮ ಹೋದಳು, ಸಣ್ಣಬೀರಯ್ಯ ಎತ್ತು ಕಟ್ಟಿ ಬಂದು ಅತ್ತೆಗೆ ಕಣ್ಣಲ್ಲೇ ನಮಸ್ಕಾರ ಹೇಳಿ ಹೋದ. ಪುಟ್ಟತಾಯಮ್ಮ ಮಗಳ ಹಿಂದೆಯೇ ಹೋಗಿ ಹೊಸ್ತಿಲ ಒಳಗೆ ನಿಂತಿದ್ದಳು.

ಅಂಕಯ್ಯ ಅಭ್ಯಾಸಬಲದಿಂದ ಒಂದು ಕಾಲನ್ನು ಹೊಸ್ತಿಲ ಮೇಲಿಟ್ಟ. ಅವಳು ಅಲ್ಲಾಡಲಿಲ್ಲ. ಅವನು ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಬೀದಿಯವರು ನೋಡುತ್ತಿದ್ದರು. ಗಂಟಲು ಸರಿಮಾಡಿಕೊಂಡ, ವಸ್ತ್ರ ಸರಿಮಾಡಿಕೊಂಡ. ಇನ್ನು ಸರಿಮಾಡಿಕೊಳ್ಳುವುದಕ್ಕೆ ಏನೂ ಉಳಿಯದಿದ್ದಾಗ ಕೇಳಿದ.

"ಒಳಕ್ ಬರ್ಬೋದಾ, ಬೀಗಿತ್ತಿ?"

ಆ ಮಾತು ಪುಟ್ಟತಾಯಮ್ಮನ ಕಿವಿಗೆ ಎಷ್ಟು ಹಿತವಾಗಿತ್ತೆಂದರೆ ಇನ್ನೊಂದು ಸಲ ಕೇಳಿಸಿಕೊಳ್ಳಬೇಕು ಅನ್ನಿಸಿತು. ನಿಧಾನವಾಗಿ ಒಳಗೆ ಹೋಗಿ, ನೆಂಟರು ಬಂದಾಗ ಕೊಡುವಂತೆ ಒಂದು ಚೊಂಬು ನೀರು ತಂದು ಹೊಸ್ತಿಲಾಚೆ ಇಟ್ಟಳು.

"ಕಾಲ್ ತೊಳ್ಕಳಿ ಬೀಗ್ರೇ" ಅಂದಳು. "ಬನ್ನಿ ಬನ್ನಿ. ಕುಂತ್ಕಳಿ."